ಮೂವತ್ತರ ಚುಕ್ಕೆ

ಜುಲೈ 7, ಸೋಮವಾರ. ಬೆಳಿಗ್ಗೆ 8.10, ಬಸ್ಸಿನಲ್ಲಿ

ಬೆಳಗಾವಿಯ ಉದ್ಯಮಬಾಗ ಬಂತು. ಅರ್ಧ ಬಸ್ಸು ಇಳಿಯಿತು, ಸೀಟು ಸಿಕ್ಕಿತು. ಡಬ್ಬಿ ಹಿಡಿದು ಫೌಂಡ್ರಿಗೆ ಹೋಗುವವರು ಇಳಿಯುವ ತನಕ ಒಂಟಿ ಕಾಲಲ್ಲಿ ನಿಲ್ಲುವುದು, ಆಮೇಲೆ ಕಾಲೇಜಿರುವ ಖಾನಾಪುರ ಬರುವ ತನಕ ಕೂತು ಚಡಪಡಿಸುವುದು. ನಾಲ್ಕನೇ ವರ್ಷ. ಅಕ್ಷರ ಕುಣಿಯುತ್ತಿವೆ. ಕುಣಿಯಲಿ, ಯಾರು ಓದಬೇಕು ಇದನ್ನು.

ಇವತ್ತಿನಿಂದ ಫಸ್ಟ್ ಪಿಯುಸಿಗೆ ಸೈನ್ ಗ್ರಾಫ್. ಇಡೀ ವರ್ಷದಲ್ಲಿ ನನಗೆ ಮನಸಾರೆ ಇಷ್ಟವಾದ ಪಾಠ ಇದೊಂದೇ. ಸೈನ್ ಅಂದರೆ ಟೇಬಲ್ಲಿನ ಒಂದು ಸಾಲು, ಬಾಯಿಪಾಠ ಮಾಡಿ ಮರೆಯುವಂಥದ್ದು ಅಂತ ನಂಬಿ ಬಂದಿರುತ್ತಾರೆ. ಅದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ ಅಂತ ಕಂಡ ಕೂಡಲೇ ಒಂದಿಬ್ಬರ ಮುಖ ಬದಲಾಗುತ್ತದೆ. ಆ ಒಂದಿಬ್ಬರಿಗಾಗಿ ಈ ಬಸ್ಸು.

ಹೊರಡುವಾಗ ಗಂಡ ಆಶಿಶ್ ಚಹಾ ಕುಡಿಯುತ್ತ ಮತ್ತೆ ಅದನ್ನೇ ತೆಗೆದ. ನೆಹರು ನಗರದ ಕೋಚಿಂಗ್ ಕ್ಲಾಸು. "ಆಗಸ್ಟ್ ಒಂದರಿಂದ ಬಾ ಅಂತಾರ. ಮನಿ ಹತ್ರ, ಬಸ್ಸಿನ ಕಾಟ ಇಲ್ಲ. ಹೂಂ ಅಂದ್ಬಿಡು ಶುಭಾ." ಅವನು ಹೇಳುವುದರಲ್ಲಿ ತಪ್ಪೇನೂ ಇಲ್ಲ, ಅದಕ್ಕೇ ಸಿಟ್ಟು ಬರುತ್ತದೆ. ನಾನು ಅಲ್ಲಿಗೆ ಹೋಗಿ ನೋಡಿಯೂ ಬಂದಿದ್ದೇನೆ. ಅಲ್ಲಿಯವರು ಮೊದಲೇ ಹೇಳಿದರು — ಗ್ರಾಫ್ ಬಿಡಿಸುತ್ತ ಕೂಡಬೇಡಿ ಮೇಡಂ, ನಾಲ್ಕು ಆಪ್ಷನ್‌ನಲ್ಲಿ ಮೂರನ್ನು ಹೊಡೆದು ಹಾಕುವುದು ಕಲಿಸಿ ಸಾಕು.

ಮಧ್ಯಾಹ್ನ 2.00, ಸ್ಟಾಫ್ ರೂಮು

ಪ್ರಿನ್ಸಿಪಾಲ್ ಕರೆಪ್ಪ ಸರ್ ಕೆಟ್ಟ ಸುದ್ದಿ ಹೇಳುವ ಮುಂಚೆ ಚಹಾ ತರಿಸುತ್ತಾರೆ. ಕಪ್ಪು ಕಂಡ ಕೂಡಲೇ ಏನೋ ಇದೆ ಅಂತ ಗೊತ್ತಾಯಿತು.

"ಶುಭದಾ ಮೇಡಂ, ಟ್ರಾನ್ಸ್‌ಫರ್ ಲಿಸ್ಟ್‌ನ್ಯಾಗ ನಮ್ಮ ಕಾಲೇಜಿಗೆ ಮ್ಯಾಥ್ಸಿಗೆ ಒಬ್ಬರ ಹೆಸರು ಬಂದೈತ್ರಿ. ಯಾವತ್ತ ಬಂದು ಜಾಯಿನ್ ಆಗ್ತಾರೋ ಗೊತ್ತಿಲ್ಲ. ನಾಳೆ ಬರಬಹುದು, ತಿಂಗಳಾನೂ ಆಗಬಹುದು."

ಗೆಸ್ಟ್ ಲೆಕ್ಚರರ್ ಅಂದರೆ ಗೆಸ್ಟೇ. ಪರ್ಮನೆಂಟಿನವರು ಬಸ್ಸಿಳಿದ ದಿನ ನಾನು ಬಸ್ಸು ಹತ್ತಬೇಕು.

"ಅಷ್ಟರಾಗ ಈ ಗ್ರಾಫಿನ ಪಾಠ ಒಂದು ಮುಗಸ್ತೀನಿ ಸರ್."

"ಮುಗಸ್ರಿ, ಮುಗಸ್ರಿ. ಕುಂದರ್ರಿ, ಚಾ ಆರತೈತಿ."

ಕೂಡಲಿಲ್ಲ. ಪಾಠ ಮುಗಿಸಬೇಕು. ಇಷ್ಟೇ ಬೇಕಾಗಿರುವುದು ನನಗೆ — ಈ ಮಕ್ಕಳು ಒಂದು ಸೈನ್ ಗ್ರಾಫನ್ನು ಕಣ್ಣಾರೆ ಕಂಡು, ಕೈಯಾರೆ ಬಿಡಿಸಬೇಕು. ಆಮೇಲೆ ಯಾರು ಬೇಕಾದರೂ ಬರಲಿ.

ಜುಲೈ 9, ಬುಧವಾರ. ಸಂಜೆ

ಇಡೀ ಕ್ಲಾಸು ಹೆಂಚಿನ ಮನೆ ಕಟ್ಟಿದೆ!

ಸೊನ್ನೆಯಿಂದ ನೂರಾ ಎಂಬತ್ತರವರೆಗೆ ಬಿಡಿಸಿ ಅಂದಿದ್ದೆ. ಒಬ್ಬೊಬ್ಬರದೂ ತುದಿಗೆ ಮೂಲೆ ಬಂದ ಮಾಡು, ಎರಡೂ ಕಡೆ ಇಳಿಜಾರು. ಮೊದಲಿಗೆ ತಲೆ ಕೆಟ್ಟಿತು. ಆಮೇಲೆ ಹೊಳೆಯಿತು. ಟೇಬಲ್ಲಿನಲ್ಲಿ ಸೊನ್ನೆ, ಮೂವತ್ತು, ನಲವತ್ತೈದು, ಅರವತ್ತು, ತೊಂಬತ್ತು — ಎಲ್ಲ ಚೌಕಗಳೂ ಒಂದೇ ಅಗಲ. ಇವರು ಗ್ರಾಫ್ ಹಾಳೆಯ ಮೇಲೂ ಹಾಗೇ ಸಮ ಸಮ ದೂರಕ್ಕೆ ಇಟ್ಟಿದ್ದಾರೆ. ಹದಿನೈದು ಡಿಗ್ರಿಗೂ ಒಂದೇ ಹೆಜ್ಜೆ, ಮೂವತ್ತಕ್ಕೂ ಒಂದೇ ಹೆಜ್ಜೆ. ಮೇಲೆ ಸ್ಕೇಲ್ ಪಟ್ಟಿ ಇಟ್ಟು ಗೆರೆ ಎಳೆದಿದ್ದಾರೆ.

"ಹಿಂಗ್ಯಾಕ ಮಾಡಿದ್ರಿ?"

ಹಿಂದಿನ ಬೆಂಚಿನ ಸುಮಿತ ಎದ್ದು ನಿಂತ. ಯಾವಾಗಲೂ ಅವನೇ. "ಟೇಬಲ್‌ದಾಗ ಹಂಗ ಐತ್ರಿ ಮೇಡಂ."

ನಗು ಬಂತು. ಖರೇನೇ. ಯಾರೂ ಅವರಿಗೆ ಡಿಗ್ರಿಗೂ ದೂರ ಇರುತ್ತದೆ ಅಂತ ಹೇಳಿಲ್ಲ. ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದೆ, ಕನ್ನಡದಲ್ಲಿ ಒಮ್ಮೆ, ಅರ್ಧ ಕ್ಲಾಸು ಮರಾಠಿ ಸಾಲೆಯಿಂದ ಬಂದದ್ದಕ್ಕೆ ಮರಾಠಿಯಲ್ಲಿ ಇನ್ನೊಮ್ಮೆ. ಪೀರಿಯಡ್ ಮುಗಿಯಿತು. ಒಂದೇ ಮಾತನ್ನು ಮೂರು ಸಲ ಹೇಳುವ ನನ್ನ ಪಾಠ ಎಂದಾದರೂ ಮುಗಿಯುತ್ತದೆಯೇ.

ಜುಲೈ 10, ಗುರುವಾರ

ಅಳತೆ ನಾನೇ ಕೊಟ್ಟೆ. ಅಡ್ಡಕ್ಕೆ ಮೂವತ್ತು ಡಿಗ್ರಿಗೆ ಒಂದು ಸೆಂಟಿಮೀಟರ್. ಎತ್ತರಕ್ಕೆ, ಸೈನ್ ಬೆಲೆ ಒಂದಕ್ಕೆ ಮೂರು ಸೆಂಟಿಮೀಟರ್. ಚುಕ್ಕೆ ಇಡಿ, ಚುಕ್ಕೆಯಿಂದ ಚುಕ್ಕೆಗೆ ಕೈಯಿಂದಲೇ ಹೋಗಿ. ಎಲ್ಲೂ ಮೂಲೆ ಬರಬಾರದು. ಸ್ಕೇಲ್ ಪಟ್ಟಿ ಮುಟ್ಟಿದವರ ಹಾಳೆ ಹರಿಯುತ್ತೇನೆ ಅಂತ ಹೆದರಿಸಿದೆ.

ಸೋಮವಾರ ಟೆಸ್ಟ್, ಮುನ್ನೂರಾ ಅರವತ್ತರ ತನಕ. ಯಾವ ಬಸ್ಸಿನಿಂದ ಯಾರು ಸೂಟ್‌ಕೇಸ್ ಹಿಡಿದು ಇಳಿದರೂ ಇವರೇನಾ ಆ ಪರ್ಮನೆಂಟ್ ಅಂತ ನೋಡುತ್ತಿದ್ದೇನೆ. ನಿನ್ನೆ ಇಳಿದವರು ಸೀರೆ ಮಾರುವವರು.

ಜುಲೈ 14, ಸೋಮವಾರ. 1.30

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಟೆಸ್ಟ್ ನಡೆದಿರುವಾಗ ಬೆಂಚುಗಳ ನಡುವೆ ಓಡಾಡಿದೆ. ಒಂದು ಹಾಳೆ ನೋಡಿದೆ — ಚೆಂದದ ಕಮಾನು. ಇನ್ನೊಂದು ನೋಡಿದೆ — ಅದೇ ಕಮಾನು. ಮೂರನೆಯದು, ನಾಲ್ಕನೆಯದು, ಒಂದೇ ಅಚ್ಚು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಒಬ್ಬರು ಬರೆದದ್ದನ್ನು ಎಲ್ಲರೂ ನಕಲು ಹೊಡೆದಿದ್ದಾರೆ ಅಂದುಕೊಂಡೆ. ಆಮೇಲೆ ಬೆಂಚಿನ ಕೆಳಗೆ ಕೈಯಿಂದ ಕೈಗೆ ಏನೋ ಹೋಗುವುದು ಕಂಡಿತು. ಸುಮಿತನ ಮುಷ್ಟಿ ಬಿಡಿಸಿದೆ. ಬಳೆ. ಹಿತ್ತಾಳೆಯದು, ದಪ್ಪನೆಯದು, ಉಜ್ಜಿ ಉಜ್ಜಿ ನುಣುಪಾಗಿದ್ದು.

ಬಳೆಯನ್ನು ಹಾಳೆಯ ಮೇಲಿಟ್ಟು ಒಳಗಿನಿಂದ ಪೆನ್ಸಿಲ್ ಸುತ್ತಿದ್ದಾರೆ! ಮೇಲೆ ಅರ್ಧ ಬಳೆ, ಕೆಳಗೆ ಅರ್ಧ ಬಳೆ. ಸೈನ್ ಗ್ರಾಫ್ ಮುಗಿಯಿತು. ನಾನು ಕೊಟ್ಟ ಅಳತೆಗೆ ಸರಿಯಾಗಿ ಕೂತಿದೆ, ಅಗಲ ಆರು, ಎತ್ತರ ಮೂರು.

"ಯಾರದಿದು?"

ಮೂರನೇ ಬೆಂಚಿನಲ್ಲಿ ಕಿಟಕಿಯ ಬದಿಗೆ ಕೂಡುವ ರೂಪಾಲಿ ಎದ್ದಳು. ನಂದಗಡದ ಕಡೆಯ ಹುಡುಗಿ. ಹಾಜರಿಗೆ "ಪ್ರೆಸೆಂಟ್" ಅನ್ನುವುದು ಬಿಟ್ಟರೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

"ನಂದ್ರಿ ಮೇಡಂ."

"ಗಣಿತ ಕಲೀಲಿಕ್ಕೆ ಬಂದೀಯೋ, ಬಳಿ ಅಂಗಡಿ ಇಡ್ಲಿಕ್ಕೆ ಬಂದೀಯೋ?"

ಕ್ಲಾಸು ಗೊಳ್ ಅಂತ ನಕ್ಕಿತು. ಅವಳ ಬಳೆಯಿಂದ ಗೆರೆ ಎಳೆದವರೇ ಜಾಸ್ತಿ ನಕ್ಕರು. ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಇಡೀ ಕ್ಲಾಸ್ ಕಳ್ಳರದು. ಎಲ್ಲಾ ಕಳ್ಳತನಕ್ಕೂ ಈಕೀನ ಮುಂದ" ಅಂದೆ. ಬಳೆಯನ್ನು ಪರ್ಸಿಗೆ ಹಾಕಿಕೊಂಡೆ. ಹಾಳೆಗಳನ್ನು ಹಾಗೇ ಸುತ್ತಿ ಚೀಲಕ್ಕೆ ತುರುಕಿದೆ. ಅವಳು ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಮುಚ್ಚಿಕೊಂಡು ಕೂತಳು, ಗಂಟೆ ಹೊಡೆಯುವ ತನಕ.

ಒಂದು ವಾರ ಗಂಟಲು ಹರಿದುಕೊಂಡದ್ದಕ್ಕೆ ಇದು ಫಲ. ನೆಹರು ನಗರಕ್ಕೆ ಹೂಂ ಅಂದುಬಿಡಲೇ.

ಜುಲೈ 15, ಮಂಗಳವಾರ

ರೂಪಾಲಿ ಬಂದಿಲ್ಲ. ಇರಲಿ, ಒಂದು ದಿನ ಮುಖ ಊದಿಸಿಕೊಂಡರೆ ಏನಾಯಿತು.

ಜುಲೈ 16

ಇವತ್ತೂ ಇಲ್ಲ.

ಆಧಾರ್ ಕಾರ್ಡ್ ತೆಗೆಯಲು ಪರ್ಸಿಗೆ ಕೈ ಹಾಕಿದಾಗಲೆಲ್ಲ ಬಳೆ ಕೈಗೆ ಸಿಗುತ್ತದೆ. ಕಂಡಕ್ಟರ್ "ಬಳಿ ಬ್ಯಾಡ್ರಿ ಬಾಯಾರ, ಆಧಾರ್ ತೋರಸ್ರಿ" ಅಂದ. ಬಸ್ಸೆಲ್ಲ ನಕ್ಕಿತು. ನಗೆಪಾಟಲಾದರೆ ಹೇಗಿರುತ್ತದೆ ಅಂತ ಗೊತ್ತಾಯಿತು.

ಜುಲೈ 18, ಶುಕ್ರವಾರ. ಸಂಜೆ, ಮನೆ

ನಿನ್ನೆ ಮಳೆ ರಜೆ. ಇವತ್ತು ಕ್ಲಾಸು ಅರ್ಧ ಖಾಲಿ, ರೂಪಾಲಿಯೂ ಇಲ್ಲ. ಅವಳ ಪಕ್ಕ ಕೂಡುವ ತನ್ಮಯಿಯನ್ನು ಕೇಳಿದೆ.

"ಅಕಿ ಬರೂದಿಲ್ಲಂತ್ರಿ ಮೇಡಂ. ಅಕಿ ಅಜ್ಜಿ ಬ್ಯಾಡ ಅಂದಾಳಂತ."

"ಯಾಕ?"

ತನ್ಮಯಿ ನನ್ನ ಪರ್ಸು ನೋಡಿದಳು, ನೆಲ ನೋಡಿದಳು. "ಗೊತ್ತಿಲ್ರಿ."

ಮನೆಗೆ ಬಂದು, ಇನ್ನೇನು ತೋಚದೆ, ಟೆಸ್ಟಿನ ಕಟ್ಟು ಬಿಚ್ಚಿದೆ. ನಾಲ್ಕು ದಿನದಿಂದ ಮುಟ್ಟಿರಲಿಲ್ಲ. ಒಂದರ ಮೇಲೊಂದು ಅದೇ ಬಳೆ. ಚುಕ್ಕೆ ಮಾತ್ರ ಎಲ್ಲರೂ ಸರಿಯಾಗಿ ಇಟ್ಟಿದ್ದಾರೆ. ಮೂವತ್ತರ ಚುಕ್ಕೆ ಒಂದೂವರೆ ಸೆಂಟಿಮೀಟರ್ ಎತ್ತರದಲ್ಲಿ. ಬಳೆಯ ಗೆರೆ ಅದರ ಮೇಲಿಂದ ಎಲ್ಲೋ ಹಾರಿಹೋಗಿದೆ. ಚುಕ್ಕೆ ಕೆಳಗೆ ಒಂಟಿಯಾಗಿ ನಿಂತಿದೆ, ಬಸ್ಸು ತಪ್ಪಿಸಿಕೊಂಡವರ ಹಾಗೆ. ಗೆರೆ ಚೆಂದ ಬಂದರೆ ಸಾಕು, ಚುಕ್ಕೆ ಯಾರಿಗೆ ಬೇಕು. ಸುಮಿತ ಆ ಚುಕ್ಕೆಯನ್ನು ಅಳಿಸಿಯೇ ಹಾಕಿದ್ದಾನೆ.

ಆಮೇಲೆ ರೂಪಾಲಿಯ ಹಾಳೆ.

ಬಳೆಯ ಗೆರೆ ಇಲ್ಲ. ಇತ್ತು, ಅಳಿಸಿದ್ದಾಳೆ. ಬೆಳಕಿಗೆ ಹಿಡಿದರೆ ಮಸುಕಾಗಿ ಕಾಣುತ್ತದೆ. ಅದರ ಒಳಗೆ ಕೈಯಿಂದ ಎಳೆದ ಗೆರೆ — ನಡುಗಿದೆ, ಒಂದು ಕಡೆ ಎರಡು ಸಲ ತಿದ್ದಿದೆ, ನೋಡಲು ಚೆಂದವಿಲ್ಲ. ಆದರೆ ಮೂವತ್ತರ ಚುಕ್ಕೆಯ ಮೇಲೇ ಹೋಗಿದೆ. ನಲವತ್ತೈದರ ಮೇಲೆ. ಅರವತ್ತರ ಮೇಲೆ. ತೊಂಬತ್ತರಲ್ಲಿ ಮೂಲೆ ಇಲ್ಲದೆ ತಿರುಗಿದೆ.

ಇಡೀ ಕ್ಲಾಸಿನಲ್ಲಿ ಅವಳೊಬ್ಬಳು ಸೈನ್ ಗ್ರಾಫ್ ಬಿಡಿಸಿದ್ದಾಳೆ. ಅವಳೊಬ್ಬಳನ್ನು ನಾನು ಎಲ್ಲರ ಮುಂದೆ ಕಳ್ಳಿ ಅಂದಿದ್ದೇನೆ.

ಆಶಿಶ್ ಊಟಕ್ಕೆ ಕರೆದ. ಹಸಿವಿಲ್ಲ ಅಂದೆ. ನಾಚಿಕೆಯಾಗುತ್ತಿದೆ, ಬೇರೇನಲ್ಲ.

ಜುಲೈ 21, ಸೋಮವಾರ

ಮತ್ತೆ ಚಹಾ. ಈ ಸಲ ಬಿಸ್ಕಿಟ್ ಕೂಡ.

"ಮೈಲಾರಲಿಂಗ ಅಂತ ಹೆಸರ್ರಿ. ಫೋನ್ ಮಾಡಿದ್ರು. ಬರೂ ಸೋಮವಾರ ಜಾಯಿನ್ ಆಗ್ತಾರ." ಕರೆಪ್ಪ ಸರ್ ಬಿಸ್ಕಿಟನ್ನು ನನ್ನ ಕಡೆ ಸರಿಸಿದರು. "ನೀವು ಛಲೋ ಕಲಸ್ತಿದ್ರಿ ಮೇಡಂ."

ಕಲಿಸುತ್ತಿದ್ದಿರಿ. ಇನ್ನೂ ಎದುರಿಗೆ ಕೂತಿದ್ದೇನೆ, ಆಗಲೇ ಹಿಂದಿನ ಮಾತಾಗಿ ಹೋದೆ.

ರೂಪಾಲಿ ಇಲ್ಲ. ಕ್ಲಾಸಿನಲ್ಲಿ "ರೂಪಾಲಿ ಬಳೆಯಿಂದ ಗೆರೆ ಎಳೆದಿರಲಿಲ್ಲ, ನಾನು ಸುಮ್ಮನೆ ಬೈದೆ" ಅಂತ ಹೇಳಿದೆ. ಯಾರೂ ನಗಲಿಲ್ಲ. ಹೇಳಬೇಕಾದವಳೇ ಇಲ್ಲದ ಕ್ಲಾಸಿನಲ್ಲಿ ಹೇಳಿ ಏನು ಬಂತು.

ಜುಲೈ 23, ಬುಧವಾರ. ಬೆಳಿಗ್ಗೆ 6.30, ಅಡುಗೆಮನೆ

ಹಾಲು ಕುದಿಯಲು ಕಾಯುತ್ತ ಬಳೆಯನ್ನು ಕಟ್ಟೆಯ ಮೇಲಿಟ್ಟು ತಿರುಗಿಸುತ್ತಿದ್ದೆ. ಒಮ್ಮೆಗೇ ಹೊಳೆಯಿತು. ಇಷ್ಟು ದಿನ ಏನು ನಿದ್ದೆ ಮಾಡುತ್ತಿದ್ದೆನೋ!

ಬಳೆ ತಪ್ಪಲ್ಲ. ಬಳೆಯನ್ನು ಇಟ್ಟ ಜಾಗ ತಪ್ಪು.

ಸೈನ್ ಹುಟ್ಟುವುದೇ ವೃತ್ತದಲ್ಲಿ. ಬಳೆಯನ್ನು ಗ್ರಾಫಿನ ಮೇಲಲ್ಲ, ಗ್ರಾಫಿನ ಎಡಕ್ಕೆ ಇಡಬೇಕು. ಅದರ ಅಂಚಿನಲ್ಲಿ ಮೂವತ್ತು ಡಿಗ್ರಿ ಗುರುತು ಮಾಡಿ, ಆ ಗುರುತು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಬಲಗಡೆ ಅಡ್ಡ ಗೆರೆ ಎಳೆದರೆ ಮೂವತ್ತರ ಚುಕ್ಕೆ. ಅರವತ್ತಕ್ಕೆ ಹಾಗೇ. ತೊಂಬತ್ತಕ್ಕೆ ಹಾಗೇ. ಟೇಬಲ್ಲೇ ಬೇಡ. ಬಳೆಯ ಅರ್ಧ ಅಗಲ ಮೂರು ಸೆಂಟಿಮೀಟರ್, ನಾನು ಒಂದಕ್ಕೆ ಕೊಟ್ಟ ಅಳತೆಯೂ ಮೂರು. ಬೇಕೆಂದೇ ಮಾಡಿದ ಹಾಗಿದೆ. ಎರಡು-ಆರರ ಸೈಜಿನ ಬಳೆ, ಖಾಸಬಾಗದ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಹಾಲು ಉಕ್ಕಿತು.

ಇವತ್ತೇ ಈ ಪಾಠ ಮಾಡಬಹುದು. ಆದರೆ ಅವಳ ಬಳೆಯಿಂದ ಅವಳಿಲ್ಲದೆ ಮಾಡಲು ಮನಸ್ಸು ಒಪ್ಪುತ್ತಿಲ್ಲ. ಬೇರೆ ಬಳೆ ಕೊಳ್ಳಬಹುದು. ಅದಕ್ಕೂ ಒಪ್ಪುತ್ತಿಲ್ಲ. ಒಂದು ವಾರವೂ ಉಳಿದಿಲ್ಲ, ಇಂಥ ಹಟ ಯಾಕೋ ನನಗೆ.

ಜುಲೈ 26, ಶನಿವಾರ. ರಾತ್ರಿ 9.00

ಹೋಗಿ ಬಂದೆ.

ನಂದಗಡದ ಬಸ್ಸಿನಿಂದ ಇಳಿದು ಕೆಸರಿನಲ್ಲಿ ಒಳಗೆ ನಡೆದೆ. ತನ್ಮಯಿ ಗುರುತು ಹೇಳಿದ್ದಳು — ಮುಂದೆ ಕುರಿ ಹಟ್ಟಿ, ಬಾಜೂಕ ನೀಲಿ ಬಾಗಿಲು. ರೂಪಾಲಿಯ ಅಪ್ಪ ಮುತ್ತಪ್ಪ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಕ್ಕಿದ್ದಾನಂತೆ, ಶಿಫ್ಟಿಗೆ ಹೋಗಿದ್ದ. ಎಷ್ಟು ವರ್ಷದಿಂದ ನಾನು ಅವನ ಎದುರು ದಿಕ್ಕಿಗೆ ಓಡಾಡುತ್ತಿದ್ದೇನೋ. ಮನೆಯಲ್ಲಿ ಅಜ್ಜಿ ಸಿದ್ದಕ್ಕ ಇದ್ದಳು, ನಾಗರ ಪಂಚಮಿಯ ಉಂಡಿಗೆ ಶೇಂಗಾ ಹುರಿಯುತ್ತಿದ್ದಳು. ರೂಪಾಲಿ ನನ್ನನ್ನು ಕಂಡವಳೇ ಗೋಡೆಗೆ ಒತ್ತಿ ನಿಂತಳು.

"ಬರ್ರಿ ಬಾಯಾರ, ಕುಂದರ್ರಿ," ಅಂದಳು ಸಿದ್ದಕ್ಕ. ಚಾಪೆ ಹಾಸಿದಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಶುರು ಮಾಡಿದಳು. "ಹುಡಗಿ ಸಾಲಿಗೆ ಬರಲಿಲ್ಲಂತ ಬಂದೀರೇನ್ರಿ? ಹೆಂಗ ಕಳಸಲಿ ಹೇಳ್ರಿ. ಇಕಿ ಅಜ್ಜ ಮಾಯಪ್ಪ ಹೋದಾಗ ನನ್ನ ಕೈಯಾಗಿನ ಹಿತ್ತಾಳಿ ಬಳಿ ತಗದು ಇಕಿ ಕೈಗೆ ಹಾಕೇನಿ. ಬಲಗೈಗೊಂದು, ಎಡಗೈಗೊಂದು. ಬಲಗೈದು ಬಸ್ಸಿನ್ಯಾಗ ಕಳದು ಬಂದಾಳ. ಬರಿಗೈಲೆ ಹೊಸಲಿ ದಾಟಿ ಬಂದ್ಳ್ರಿ! ನಾನಂತೂ ಬಸ್ ಸ್ಟ್ಯಾಂಡಿನ ತನಕ ದಾರಿ ಎಲ್ಲಾ ಹುಡಕಿದೆ. ಕೈ ಮ್ಯಾಲೆ ಎಚ್ಚರಿಲ್ಲದ ಹುಡಗಿ ಓದಿ ಏನ ಮಾಡ್ತಾಳ?"

ಬಸ್ಸಿನಲ್ಲಿ ಕಳೆದಳು. ಹಾಗಂತ ಹೇಳಿದ್ದಾಳೆ ರೂಪಾಲಿ. ಇಷ್ಟು ದಿನ ಬೈಗುಳ ತಿನ್ನುತ್ತ, ನನ್ನ ಹೆಸರು ಎತ್ತಿಲ್ಲ.

ಅವಳ ಕಡೆ ನೋಡಿದೆ. ಅವಳು ಮೆಲ್ಲಗೆ ತಲೆ ಅಲ್ಲಾಡಿಸಿದಳು. ಹೇಳಬೇಡಿ ಅಂತ.

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಬಸ್ಸಿನಲ್ಲಿ ಸಿಕ್ಕಿತು ಸಿದ್ದಕ್ಕ, ಕೊಡೋಣ ಅಂತ ಬಂದೆ. ಎಷ್ಟು ಸಲೀಸು. ಎಲ್ಲರಿಗೂ ಒಳ್ಳೆಯದು, ನನಗೆ ಎಲ್ಲಕ್ಕಿಂತ ಹೆಚ್ಚು. ಪರ್ಸು ತೆಗೆದು ಬಳೆಯನ್ನು ಚಾಪೆಯ ಮೇಲಿಟ್ಟೆ.

"ಕಳದಿಲ್ರಿ. ನಾನ ಕಸಗೊಂಡಿದ್ದೆ. ಎಲ್ಲಾರ ಮುಂದ ಆಕೀನ್ನ ಕಳ್ಳಿ ಅಂದೆ. ಆಕೀದೇನೂ ತಪ್ಪಿರಲಿಲ್ಲ."

ಶೇಂಗಾ ಹೊತ್ತಿತು. ಸಿದ್ದಕ್ಕ ಬಳೆಯನ್ನು ಎತ್ತಿ ಸೆರಗಿನಿಂದ ಒರೆಸಿದಳು, ಕಣ್ಣ ಹತ್ತಿರ ಹಿಡಿದು ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ಒಂದರಲ್ಲಿ ವಾಚು, ಇನ್ನೊಂದರಲ್ಲಿ ಏನೂ ಇಲ್ಲ.

"ನಿಮಗ ತಿಳೀಲಿಲ್ಲ ಬಿಡ್ರಿ," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಆದ್ರ ಬಳಿ ತಗೊಂಡು ನೀವೇನ ಮಾಡ್ತಿದ್ರಿ?"

ಏನು ಮಾಡುತ್ತಿದ್ದೆ. ಚೀಲದಲ್ಲಿ ಗ್ರಾಫ್ ಹಾಳೆ ಇತ್ತು. ಸ್ವಲ್ಪ ಹೊತ್ತು ಬಳೆ ಕೊಡಿ, ತೋರಿಸುತ್ತೇನೆ ಅಂದೆ. ಅವಳು ನನಗೆ ಕೊಡಲಿಲ್ಲ, ಮೊಮ್ಮಗಳ ಕೈಗೆ ಕೊಟ್ಟಳು.

ಅದೇ ಸರಿ. ನಾನು ಹೇಳಿದೆ, ರೂಪಾಲಿ ಮಾಡಿದಳು. ಎಡಕ್ಕೆ ಬಳೆ ಇಟ್ಟು ಸುತ್ತಿದಳು. ನಟ್ಟ ನಡುವೆ ಚುಕ್ಕೆ. ಕೋನಮಾಪಕದಿಂದ ಮೂವತ್ತು. ಅಲ್ಲಿಂದ ಅಡ್ಡ ಗೆರೆ. ಅದು ಬಲಗಡೆ ಒಂದನೇ ಸೆಂಟಿಮೀಟರಿಗೆ ಬಂದು ನಿಂತಾಗ ಅವಳ ಪೆನ್ಸಿಲ್ ತಡೆಯಿತು.

"ಅದ ಚುಕ್ಕಿರಿ ಇದು. ಒಂದೂವರಿ."

"ಹೌದು."

"ಅವತ್ತ ಬಳಿ ಆ ಚುಕ್ಕಿ ಮ್ಯಾಲ ಕುಂದರಲಿಲ್ರಿ. ಅದಕ್ಕ ಅಳಿಸಿದೆ. ಎಲ್ಲಾರೂ ಕೊಡು ಕೊಡು ಅಂದ್ರು, ಕೊಟ್ಟೆ." ಇಷ್ಟು ಉದ್ದ ಮಾತಾಡುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಅರವತ್ತು, ತೊಂಬತ್ತು ಮುಗಿಸಿ, ನೂರಾ ಎಂಬತ್ತಕ್ಕೆ ಇಳಿದಳು. ಗೆರೆ ಸೇರಿಸಿದಳು. ಎಡಗಡೆಯ ಬಳೆಯನ್ನೂ ಬಲಗಡೆಯ ಗೆರೆಯನ್ನೂ ಸುಮಾರು ಹೊತ್ತು ನೋಡಿದಳು. "ಮೇಡಂ, ಬಳಿ ನೆಟ್ಟಗ ಇಳೀತೈತಿ. ಇದು ಓರೆ ಇಳೀತೈತಿ. ಯಾಕ್ರಿ?"

ನಾಲ್ಕು ವರ್ಷದಲ್ಲಿ ಯಾರೂ ಕೇಳಿಲ್ಲ ಇದನ್ನು.

ಹೊರಗೆ ಬಸ್ಸಿನ ಹಾರ್ನ್. ಕೊನೆಯ ಬಸ್ಸು ತಪ್ಪಿದರೆ ನಂದಗಡದಲ್ಲೇ. "ಸೋಮವಾರ ಬಾ, ಹೇಳ್ತೀನಿ. ಉಳಿದ ಅರ್ಧ ನೀನ ಬೋರ್ಡಿನ ಮ್ಯಾಲ ಮಾಡು. ಸೋಮವಾರ ನಂದು ಕಡೀ ದಿವಸ."

ರೂಪಾಲಿ ಅಜ್ಜಿಯ ಮುಖ ನೋಡಿದಳು. ಸಿದ್ದಕ್ಕ ಹೊತ್ತಿದ ಶೇಂಗಾ ಆರಿಸುತ್ತಿದ್ದಳು. "ಸೋಮವಾರ ರೊಟ್ಟಿ ಹಬ್ಬ. ಮನ್ಯಾಗ ಕೆಲಸ ಭಾಳ ಐತ್ರಿ ಬಾಯಾರ." ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕೆಸರಿನಲ್ಲಿ ಓಡಿದೆ. ಒಂದು ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತಿತು. ಆದರೂ ಎದೆ ಹಗುರ. ಸೋಮವಾರದ ತನಕ ಹೇಗೆ ಕೂಡಲಿ.

ಜುಲೈ 27, ಭಾನುವಾರ

ಕೂಡಲಾಗುತ್ತಿಲ್ಲ. ಕಪಾಟು ಒರೆಸಿದೆ. ಮತ್ತೆ ಒರೆಸಿದೆ. ಕೋಚಿಂಗಿನವರ ಫೋನು — ನಾಳೆ ಸಂಜೆಯೊಳಗೆ ಹೇಳಬೇಕಂತೆ. ಆಶಿಶ್ ಏನೂ ಕೇಳಲಿಲ್ಲ. ಚಪ್ಪಲಿ ಹೊಲಿಸಿಕೊಂಡು ಬಂದು ಬಾಗಿಲ ಬಳಿ ಇಟ್ಟ.

ಅವಳು ಬರದಿದ್ದರೆ?

ಜುಲೈ 28, ಸೋಮವಾರ. 1.15, ಖಾನಾಪುರ ಬಸ್ ಸ್ಟ್ಯಾಂಡು

ಒಂದು ಬಸ್ಸು ಬಿಟ್ಟೆ. ಇದನ್ನು ಬರೆದೇ ಹತ್ತುತ್ತೇನೆ.

ನಾನು ಹೋಗುವಷ್ಟರಲ್ಲಿ ಮೈಲಾರಲಿಂಗ ಸರ್ ಬಂದು ಕೂತಿದ್ದರು. ನನ್ನ ಕುರ್ಚಿಯಲ್ಲೇ. ನನ್ನನ್ನು ಕಂಡು ಎದ್ದರು ಪಾಪ. ಒಳ್ಳೆಯವರೇ. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಹೊಸ ಚಾಕಿನ ಪೆಟ್ಟಿಗೆ. ಸಹಿ ಹಾಕಿದೆ. "ಮೂರನೇ ಪೀರಿಯಡ್ ನೀವ ತಗೋರಿ, ಮಕ್ಕಳಿಗೆ ಹೇಳಿ ಹೋದಂಗಾಕ್ಕೈತಿ," ಅಂದರು ಕರೆಪ್ಪ ಸರ್. ನಾಲ್ಕನೆಯದರಿಂದ ಹೊಸ ಸರ್.

ಪಂಚಮಿಯ ಮುಂಚಿನ ದಿನ, ರೊಟ್ಟಿ ಹಬ್ಬ. ಅರ್ಧ ಕ್ಲಾಸು ಇಲ್ಲ. ಹಾಜರಿ ಕರೆದೆ. ರೂಪಾಲಿ ಅಂದೆ. ಇಲ್ಲ. ಇನ್ನೊಮ್ಮೆ ಅಂದೆ. ತನ್ಮಯಿ ಕೈ ಎತ್ತಿ "ಇಲ್ರಿ" ಅಂದಳು. ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಮಾತಾಡಿದೆ. ಪರೀಕ್ಷೆ, ಆರೋಗ್ಯ, ಚೆನ್ನಾಗಿ ಓದಿ. ನನ್ನ ಮಾತು ನನಗೇ ಬೇಸರ ಬಂತು. ಅರ್ಧ ಪೀರಿಯಡ್ ಹೀಗೇ ಹೋಯಿತು.

ಬಾಗಿಲಲ್ಲಿ "ಮೇ ಐ ಕಮಿನ್" ಅಂದಳು.

ತೊಯ್ದಿದ್ದಳು. ತೋಳಿಗೆ ಜೋಳದ ಹಿಟ್ಟು ಹತ್ತಿತ್ತು. ರೊಟ್ಟಿ ಬಡಿದು ಬಂದಿದ್ದಾಳೆ. ಎರಡೂ ಕೈಯಲ್ಲಿ ಬಳೆ.

ಚಾಕ್ ಕೊಟ್ಟೆ. ಅವಳು ಬೋರ್ಡಿನ ಹತ್ತಿರ ಹೋಗಿ ಬಲಗೈಯ ಬಳೆ ತೆಗೆದಳು. ಯಾರೂ ನಗಲಿಲ್ಲ. ಬೋರ್ಡಿಗೆ ಒತ್ತಿ ಹಿಡಿದು ಸುತ್ತಿದಳು. ತಕ್ಷಣ ಮತ್ತೆ ಕೈಗೆ ಹಾಕಿಕೊಂಡಳು.

ಅಷ್ಟು ಚಿಕ್ಕ ವೃತ್ತ ಹಿಂದಿನ ಬೆಂಚಿಗೆ ಕಾಣಬೇಕಲ್ಲ. "ಕಾಣವಲ್ದು" ಅಂತ ಸುಮಿತ ಎದ್ದು ಬಂದ. ಅವನ ಹಿಂದೆ ಎಲ್ಲರೂ. ಬೋರ್ಡಿನ ಸುತ್ತ ಗುಂಪು, ಬೆಂಚಿನ ಮೇಲೆ ಹತ್ತಿ ನಿಂತವರು ಕೆಲವರು. ರೂಪಾಲಿ ಗುರುತು ಮಾಡುತ್ತ ಹೋದಳು, ಅಡ್ಡ ಗೆರೆ ಎಳೆಯುತ್ತ ಹೋದಳು. ಮೂವತ್ತರ ಚುಕ್ಕೆ ಬಿದ್ದಾಗ ಸುಮಿತ "ಅಯ್ಯ! ನಾ ಅಳಿಸಿದ್ದ ಇದನ್ನ!" ಅಂದ. ಗೊಳ್ ಅಂತ ನಗು. ಈ ಸಲ ಅವಳೂ ನಕ್ಕಳು.

ನೂರಾ ಎಂಬತ್ತಕ್ಕೆ ಬಂದಳು. ಗೆರೆ ಸೇರಿಸಿದಳು. "ಈಗ ಹೇಳ್ರಿ ಮೇಡಂ, ಯಾಕ ಓರೆ?"

"ಬಳೀ ಬಲಗಡೆ, ಸೊನ್ನೆ ಡಿಗ್ರಿಯಿಂದ ಒಂದು ಇರಿವಿ ಹತ್ಲಿಕ್ಕೆ ಶುರು ಮಾಡ್ತು ಅನ್ನು. ಮೊದಲಿಗೆ ಅದು ನೆಟ್ಟಗ ಮ್ಯಾಲೆ ಹೋಗ್ತದ. ಆದರೆ ಅದು ಹತ್ತೋವಷ್ಟ್ರಾಗ ಈ ಕಡೆ ಹಾಳಿ ಮ್ಯಾಲೆ ನಾವೂ ಬಲಕ್ಕ ಸರೀತೀವಿ—"

ಗಂಟೆ ಹೊಡೆಯಿತು. ಬಾಗಿಲಲ್ಲಿ ಮೈಲಾರಲಿಂಗ ಸರ್. ಬೆಂಚಿನ ಮೇಲೆ ನಿಂತ ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು, ಮುಖ ಗಂಟಿಕ್ಕದ ಹಾಗೆ ನೋಡಿಕೊಂಡರು. ಇನ್ನು ಅವರ ಹೊತ್ತು. ನಾನು ಚೀಲ ಎತ್ತಿಕೊಂಡೆ. ಬರ್ತೀನಿ ಅಂದೆನೋ ಇಲ್ಲವೋ ನೆನಪಿಲ್ಲ. ಕಾರಿಡಾರಿನ ಕಂಬದ ತನಕ ಹೋದೆ. ಅದರ ಮುಂದೆ ಕಾಲು ಹೋಗಲಿಲ್ಲ.

ಒಳಗೆ ಬೆಂಚು ಸರಿದ ಸದ್ದು. ಹೊಸ ಸರ್ ದನಿ, ಮೆತ್ತಗೆ, "ಎಲ್ಲಾರೂ ಜಾಗಾಕ್ಕ ಹೋಗಿ ಕುಂದರ್ರಿ. ಬೋರ್ಡ್ ಒರಸವ್ವ."

ಡಸ್ಟರ್ ಸದ್ದಿಗೆ ಕಾದೆ. ಬರಲಿಲ್ಲ.

"ಇನ್ನ ಅರ್ಧ ಐತ್ರಿ ಸರ್."

ರೂಪಾಲಿಯ ದನಿ. ಹಾಜರಿಗೆ ಪ್ರೆಸೆಂಟ್ ಅನ್ನುವ ದನಿಯಲ್ಲ. ಕಾರಿಡಾರಿನ ಕಂಬದ ತನಕ ಕೇಳುವ ದನಿ.

ಆಮೇಲೆ ಕುರ್ಚಿ ಎಳೆದ ಸದ್ದು. ಸರ್ ಕೂತರು. ಮತ್ತೆ ಬೋರ್ಡಿನ ಮೇಲೆ ಚಾಕ್. "ನೂರಾ ಎಂಬತ್ತರಿಂದ ಗೆರಿ ಕೆಳಗ ಹೋಗ್ತೈತ್ರಿ. ಇನ್ನೂರಾ ಹತ್ತಕ್ಕ ನೋಡ್ರಿ, ಮೂವತ್ತರಾಗ ಎಷ್ಟ ಮ್ಯಾಲ ಇತ್ತೋ ಅಷ್ಟ ಕೆಳಗ—"

ಕೋಚಿಂಗಿನವರ ಫೋನು ಬರುತ್ತಿದೆ. ಎರಡನೇ ಸಲ. ಬೆಳಗಾವಿ ಬಸ್ಸೂ ಬಂತು. ಏನು ಹೇಳಬೇಕು ಅಂತ ಈಗ ಗೊತ್ತಾಗಿದೆ ನನಗೆ. ಗ್ರಾಫ್ ಬಿಡಿಸಲು ಬಿಟ್ಟರೆ ಮಾತ್ರ ಬರುತ್ತೇನೆ.